ಸಹ್ಯಾದ್ರಿಯೂ ನಮ್ಮ ಪೆಟ್ಟಿಗೆ ಕ್ಯಾಮೆರಾವೂ

ಹೊಟ್ಟೆಪಾಡಿನ ಕೆಲಸದ ಹೊರಗೆ ಮನುಷ್ಯನಿಗೆ ಒಂದು ಹುಚ್ಚು ಇರಬೇಕು. ಇಲ್ಲವಾದರೆ ಪರಊರಿನ ಬಾಳು ಬಲು ಒಣಬಾಳಾಗುತ್ತದೆ. ನಮ್ಮವರಲ್ಲಿ ಕೆಲವರಿಗೆ ಯಕ್ಷಗಾನದ ಹುಚ್ಚು. ಊರಿನ ಮೇಳ ಮುಂಬಯಿಗೆ ಬಂದಿತೆಂದರೆ ಆ ರಾತ್ರಿ ಅವರಿಗೆ ನಿದ್ದೆಯಿಲ್ಲ. ಕೆಲವರಿಗೆ ಭಜನೆ, ಕೆಲವರಿಗೆ ನಾಟಕ, ಕೆಲವರಿಗೆ ಇಸ್ಪೀಟು. ನಮಗೆ ಹತ್ತಿದ್ದು ಬೆಟ್ಟ, ಮೋಡ, ಮರಗಳ ಛಾಯಾಚಿತ್ರ ತೆಗೆಯುವ ಹುಚ್ಚು. ಅದು ಹತ್ತಿ ಐವತ್ತು ವರ್ಷಗಳಿಗೂ ಮೇಲಾಯಿತು. ಇಳಿಯುವ ಲಕ್ಷಣ ಇನ್ನೂ ಕಾಣುತ್ತಿಲ್ಲ. ಈ ಹುಚ್ಚಿನಿಂದ ನಾವು ಗಳಿಸಿದ್ದೇನು, ಕಳೆದುಕೊಂಡಿದ್ದೇನು ಎಂಬುದನ್ನು ವಾಚಕ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ನಾವು ಕುಂದಾಪುರದ ಕಡೆಯವರು. 1964ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಮುಂಬಯಿಯ ಕೋಟೆ ವಿಭಾಗದ ಒಂದು ಉಪಾಹಾರಗೃಹಕ್ಕೆ ಬಂದು ಸೇರಿದೆವು. ಮೊದಲು ಲೋಟ ತೊಳೆಯುವುದು, ಆಮೇಲೆ ಮೇಜು ಒರೆಸುವುದು, ಆಮೇಲೆ ತಿಂಡಿ ಕೊಡುವುದು. ರಾತ್ರಿ ಎಂಟಕ್ಕೆ ಕೈ ತೊಳೆದುಕೊಂಡು ರಾತ್ರಿಶಾಲೆಗೆ ಓಡುವುದು. ನಮ್ಮ ಪೀಳಿಗೆಯ ಬಹುಮಂದಿ ನಡೆದ ದಾರಿ ಇದೇ. ಹಿಂದೆ ಮನೆಯ ಅಂಗಳದಲ್ಲಿ ನಿಂತರೆ ಮೂಡುದಿಕ್ಕಿನಲ್ಲಿ ಕೊಡಚಾದ್ರಿ ಕಾಣುತ್ತಿತ್ತು. ಇಲ್ಲಿ ಅಡುಗೆಮನೆಯ ಹಿಂದಿನ ಓಣಿಯಲ್ಲಿ ತಲೆಯೆತ್ತಿದರೆ ಕಾಣುತ್ತಿದ್ದುದು ಎರಡು ಗೋಡೆಗಳ ನಡುವಿನ ಒಂದು ಗೇಣು ಆಕಾಶ. ಊರು ನೆನಪಾಗುತ್ತಿದ್ದುದು ಊಟದ ಹೊತ್ತಿನಲ್ಲಲ್ಲ, ಆ ಗೇಣು ಆಕಾಶವನ್ನು ನೋಡಿದಾಗ.

1969ರ ಆಷಾಢದಲ್ಲಿ ಒಂದು ದಿನ ಅಡುಗೆಯ ಭಟ್ಟರು ತಮ್ಮ ಬಂಧುವೊಬ್ಬರ ಹೋಟೆಲಿಗೆ ಪಾತ್ರೆ ಸಾಗಿಸಲು ನಮ್ಮನ್ನು ಖಂಡಾಲಕ್ಕೆ ಕರೆದೊಯ್ದರು. ಕರ್ಜತಿನಲ್ಲಿ ಘಟ್ಟವೇರಲು ರೈಲಿನ ಹಿಂದೆ ಹೆಚ್ಚಿನ ಎಂಜಿನುಗಳನ್ನು ಕಟ್ಟಿದರು. ಗಾಡಿ 1863ರಲ್ಲಿ ಸಿದ್ಧವಾದ ಆ ಹಳೆಯ ಭೋರ್‌ಘಾಟಿನ ದಾರಿಯಲ್ಲಿ ಏದುಸಿರು ಬಿಡುತ್ತ ಏರತೊಡಗಿತು. ಒಂದು ಸುರಂಗ ದಾಟಿ ಹೊರಗೆ ಬಂದೊಡನೆ ಎದುರಿಗೆ ನಿಂತಿತ್ತು ಬೆಟ್ಟ. ಕಪ್ಪು ಬಂಡೆಯ ಮೇಲೆ ಬೆಳ್ಳಗಿನ ಝರಿಗಳು, ಮೇಲೆ ಮಂಜು, ಕೆಳಗೆ ಹಸಿರು. ನಮ್ಮ ಬಾಯಿಂದ ಮಾತೇ ಹೊರಡಲಿಲ್ಲ. ಭಟ್ಟರು ನಮ್ಮ ಮುಖ ನೋಡಿ, "ಎಂಥ ಮಾಣಿ, ಊರು ಕಂಡ ಹಾಗಾಯಿತಾ? ಇದು ನಮ್ಮ ಘಟ್ಟವೇ. ಅಲ್ಲಿಂದ ಇಲ್ಲಿವರೆಗೆ ಒಂದೇ ಸಾಲು," ಎಂದರು.

ಭಟ್ಟರ ಮಾತು ನಿಜವಾಗಿತ್ತು. ತಾಪಿ ನದಿಯ ತೆಂಕಣದಿಂದ ಕನ್ಯಾಕುಮಾರಿಯ ಸಮೀಪದವರೆಗೆ ಸುಮಾರು 1600 ಕಿಲೋಮೀಟರು ಹಬ್ಬಿದ ಒಂದೇ ಬೆಟ್ಟಸಾಲು ಈ ಸಹ್ಯಾದ್ರಿ. ಮುಂಬಯಿಯವರು ಬೇಸಗೆಯಲ್ಲಿ ತಂಪಿಗೆ ಹೋಗುವ ಮಾಥೇರಾನ, ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದ 1646 ಮೀಟರಿನ ಕಳಸೂಬಾಯಿ, ನಮ್ಮ ಮನೆಯಂಗಳದಿಂದ ಕಾಣುವ ಕೊಡಚಾದ್ರಿ, ಎಲ್ಲವೂ ಅದೇ ಬೆಟ್ಟಸೀಮೆಗೆ ಸೇರಿದವು. ಪರಊರಿಗೆ ಬಂದೆವೆಂದು ಐದು ವರ್ಷ ಕೊರಗಿದವರಿಗೆ ಆ ದಿನ ತಿಳಿದುದೇನೆಂದರೆ, ನಾವು ಬೆಟ್ಟದ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿದಿದ್ದೆವು, ಅಷ್ಟೆ. ಈ ಸಂಗತಿಯನ್ನು ಊರಿನಲ್ಲಿರುವ ಅಮ್ಮನಿಗೆ ತಿಳಿಸಬೇಕೆನ್ನಿಸಿತು. ಕಾಗದದಲ್ಲಿ ಬರೆದರೆ ಆಕೆಗೆ ಓದಲು ಬಾರದು. ಚಿತ್ರವಾದರೆ ಓದು ಬೇಕಿಲ್ಲ. ನಮ್ಮ ಹುಚ್ಚಿನ ಮೂಲ ಇಷ್ಟೇ.

ಹನ್ನೆರಡೇ ಅವಕಾಶ

ಎರಡು ವರ್ಷ ಬಕ್ಷೀಸಿನ ಚಿಲ್ಲರೆ ಕೂಡಿಹಾಕಿ 1971ರಲ್ಲಿ ಚೋರ್‌ಬಜಾರಿನಲ್ಲಿ ಒಂದು ಹಳೆಯ ಪೆಟ್ಟಿಗೆ ಕ್ಯಾಮೆರಾ ಕೊಂಡೆವು. ಅದಕ್ಕೆ ಇದ್ದ ಕೀಲುಗಳು ಎರಡೇ. ಒಂದರಲ್ಲಿ ಸೂರ್ಯನ ಗುರುತು, ಮೋಡದ ಗುರುತು; ಇನ್ನೊಂದು ಚಿತ್ರ ತೆಗೆಯಲು ಒತ್ತುವುದು. ಧನಿಗಳು ನೋಡಿ, "ಎಂಥ ಮಾರಾಯ, ಗಲ್ಲಾದಲ್ಲಿ ಕುಳಿತವರಿಗೇ ಇಲ್ಲದ ಶೋಕಿ ನಿನಗೆ!" ಎಂದು ನಕ್ಕರು. ನಕ್ಕರೂ ಅಡ್ಡಿಪಡಿಸಲಿಲ್ಲ. ಮುಂದೆ ಮಳೆಗಾಲದಲ್ಲಿ ವಾರದ ರಜೆಯನ್ನು ಒಂದು ದಿನ ಹಿಂದೆ ಮುಂದೆ ಮಾಡಿಕೊಳ್ಳಲು ಅವರೇ ಅನುವು ಮಾಡಿಕೊಟ್ಟರು.

ಆ ಕ್ಯಾಮೆರಾಕ್ಕೆ ಹಾಕುವ ಫಿಲ್ಮಿನ ಸುರುಳಿಯಲ್ಲಿ ಚೌಕಾಕಾರದ ಹನ್ನೆರಡು ಚಿತ್ರಗಳು ಮಾತ್ರ ಮೂಡುತ್ತಿದ್ದವು. ನಮ್ಮ ಸಂಬಳಕ್ಕೆ ತಿಂಗಳಿಗೆ ಒಂದು ಸುರುಳಿಯೇ ಭಾರ. ಹೀಗಾಗಿ ಒತ್ತುವ ಮೊದಲು ಹತ್ತು ಸಲ ನೋಡಬೇಕಾಗುತ್ತಿತ್ತು. ಲೋಣಾವಳದಿಂದ ರಾಜಮಾಚಿಯವರೆಗೆ ನಡೆದು, ಮಂಜು ಸರಿಯಲೆಂದು ಮೂರು ಗಂಟೆ ಬಂಡೆಯ ಮೇಲೆ ಕುಳಿತು, ಮಂಜು ಸರಿಯದೆ, ಒಂದೂ ಚಿತ್ರ ತೆಗೆಯದೆ ಮರಳಿದ ದಿನಗಳುಂಟು. ಆ ದಿನಗಳು ವ್ಯರ್ಥವಾದವೆಂದು ಈಗ ಅನಿಸುವುದಿಲ್ಲ. ಕಣ್ಣು ಪಳಗಿದ್ದು ಅಂಥ ದಿನಗಳಲ್ಲಿಯೇ.

ಮೊದಲ ಸುರುಳಿಗಳೆಲ್ಲ ಹಾಳು. ಮಟಮಟ ಮಧ್ಯಾಹ್ನ ತೆಗೆದ ಬೆಟ್ಟ ಚಪ್ಪಟೆಯಾಗಿ ಗೋಡೆಯಂತೆ ಬಂದಿತು. ಕಾರಣವನ್ನು ಆಮೇಲೆ ಅರಿತೆವು. ಸೂರ್ಯ ನೆತ್ತಿಯ ಮೇಲಿದ್ದರೆ ನೆರಳು ಬೀಳದು. ನೆರಳಿಲ್ಲದೆ ಕಣಿವೆಯ ಆಳವೂ ದಿಬ್ಬದ ಏರೂ ಚಿತ್ರದಲ್ಲಿ ತೋರವು. ಬೆಳಗ್ಗೆ ಮತ್ತು ಸಂಜೆ ಬಿಸಿಲು ಓರೆಯಾಗಿ ಬೀಳುವುದರಿಂದ ಪ್ರತಿಯೊಂದು ಮಡಿಕೆಯೂ ಎದ್ದು ಕಾಣುತ್ತದೆ. ಇನ್ನೊಂದು ತೊಂದರೆ ಮೋಡದ್ದು. ಕಣ್ಣಿಗೆ ರಾಶಿರಾಶಿಯಾಗಿ ಕಂಡ ಮೋಡ ಕಪ್ಪುಬಿಳುಪಿನ ಚಿತ್ರದಲ್ಲಿ ಮಾಯ. ಆ ಫಿಲ್ಮಿನ ಮೇಲೆ ನೀಲಿ ಬೆಳಕಿನ ಪರಿಣಾಮ ಹೆಚ್ಚು. ನೀಲಿ ಆಕಾಶವೂ ಬೆಳ್ಳಗೆ, ಮೋಡವೂ ಬೆಳ್ಳಗೆ ಆಗಿ ಎರಡೂ ಒಂದಾಗಿಬಿಡುತ್ತಿದ್ದವು. ಮಸೂರದ ಮುಂದೆ ಹಳದಿ ಗಾಜು ಇಟ್ಟರೆ ಅದು ನೀಲಿಯನ್ನು ತಡೆಯುತ್ತದೆ, ಆಕಾಶ ಕಪ್ಪಾಗುತ್ತದೆ, ಮೋಡ ಮೇಲೆದ್ದು ಬರುತ್ತದೆ.

ಈ ಗುಟ್ಟನ್ನು ನಮಗೆ ಕಲಿಸಿದವರು ನಮ್ಮ ಹೋಟೆಲಿಗೆ ದಿನಾಲೂ ಸಂಜೆ ಚಹಾಕ್ಕೆ ಬರುತ್ತಿದ್ದ, ಸಮೀಪದ ಸ್ಟುಡಿಯೋದ ಒಬ್ಬ ಪಾರ್ಸಿ ವೃದ್ಧರು. ನಮ್ಮ ಹಾಳಾದ ಚಿತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಒಂದೊಂದರ ತಪ್ಪನ್ನೂ ಬೆರಳಿಟ್ಟು ತೋರಿಸಿದರು. ಅವರ ಕತ್ತಲೆಕೋಣೆಯಲ್ಲಿ ಎರಡು ವರ್ಷ, ರಾತ್ರಿಶಾಲೆ ಮುಗಿದ ಮೇಲೆ, ಫಿಲ್ಮು ತೊಳೆಯುವುದನ್ನೂ ಅಚ್ಚು ತೆಗೆಯುವುದನ್ನೂ ಕಲಿತೆವು. ಫಿಲ್ಮಿನ ಮೇಲಿರುವುದು ಜಿಲೆಟಿನ್ ಎಂಬ ಅಂಟುಪದರ. ಅದರೊಳಗೆ ಬೆಳ್ಳಿಯ ಲವಣದ ಕಣಗಳು. ಬೆಳಕು ತಾಗಿದ ಕಣ ರಸಾಯನದಲ್ಲಿ ಕಪ್ಪು ಬೆಳ್ಳಿಯಾಗುತ್ತದೆ. ಬೆಳಕು ತಾಗದೆ ಉಳಿದುದನ್ನು ಹೈಪೋ ಎಂಬ ದ್ರವ ಕರಗಿಸಿ ಒಯ್ಯುತ್ತದೆ. ಕೆಂಪು ದೀಪದ ಮಬ್ಬಿನಲ್ಲಿ, ತಟ್ಟೆಯ ನೀರಿನಡಿಯಲ್ಲಿದ್ದ ಬಿಳಿಯ ಕಾಗದದ ಮೇಲೆ ಖಂಡಾಲದ ಬೆಟ್ಟ ಮೆಲ್ಲಗೆ ಮೂಡಿಬಂದುದನ್ನು ಮೊದಲ ಸಲ ಕಂಡಾಗ ನಮ್ಮ ಕೈ ನಡುಗಿತು. ಮದುವೆಯಾಗಿ ಚಾಳಿನಲ್ಲಿ ಕೋಣೆ ಹಿಡಿದ ಮೇಲೆ ಮನೆಯ ಮೋರಿಯೇ ನಮ್ಮ ಕತ್ತಲೆಕೋಣೆ. ಹೈಪೋದ ವಾಸನೆಗೆ ಮನೆಯವರು ಗೊಣಗಿದರೂ ಬಾಗಿಲ ಸಂದಿಗೆ ಹಳೆ ಸೀರೆ ಒತ್ತಿ ಕತ್ತಲೆ ಮಾಡಿಕೊಡುತ್ತಿದ್ದವರು ಅವರೇ.

ಖಂಡಾಲದ ಆ ಚಿತ್ರವನ್ನು ಅಂಚೆಯಲ್ಲಿ ಊರಿಗೆ ಕಳಿಸಿದೆವು. ಮುಂದಿನ ಸಲ ಹೋದಾಗ ಅಮ್ಮ ಅದನ್ನು ಕೈಯಲ್ಲಿ ಹಿಡಿದು, "ಇದ್ ನಮ್ ಕೊಡಚಾದ್ರಿಯೇ ಅಲ್ದಾ ಮಗಾ?" ಎಂದು ಕೇಳಿದಳು. ಅಲ್ಲವೆನ್ನಲು ನಮಗೆ ಬಾಯಿ ಬರಲಿಲ್ಲ. 1978ರ ಆ ಬೇಸಗೆಯಲ್ಲಿಯೇ ಆಕೆಯನ್ನು ಅಂಗಳದಲ್ಲಿ ನಿಲ್ಲಿಸಿ, ಬೆನ್ನ ಹಿಂದೆ ಕೊಡಚಾದ್ರಿ ಬರುವಂತೆ ಒಂದು ಚಿತ್ರ ತೆಗೆದೆವು. ಆಕೆ ನಗಲಿಲ್ಲ, ಚಿತ್ರಕ್ಕೆ ನಿಲ್ಲುವುದೆಂದರೆ ದೇವರ ಮುಂದೆ ನಿಂತ ಹಾಗೆ ಎಂದು ತಿಳಿದಿದ್ದಳು. ನಾವು ಜೀವಮಾನದಲ್ಲಿ ತೆಗೆದ ಸಾವಿರಾರು ಚಿತ್ರಗಳಲ್ಲಿ ನಮಗೆ ಬೇಕಾದದ್ದು ಯಾವುದೆಂದು ಯಾರಾದರೂ ಕೇಳಿದರೆ ಇದೊಂದೇ ಎನ್ನುತ್ತೇವೆ.

ಇದೇ ಹುಚ್ಚಿನ ಹಿರಿಯರು

ಈ ಹುಚ್ಚು ದೊಡ್ಡ ದೊಡ್ಡವರಿಗೂ ಹಿಡಿದಿದೆ. ಅಮೆರಿಕದ ಆನ್ಸೆಲ್ ಆಡಮ್ಸ್ 1916ರಲ್ಲಿ, ನಮ್ಮಂತೆಯೇ ಹದಿನಾಲ್ಕರ ಹುಡುಗನಾಗಿದ್ದಾಗ, ತಂದೆತಾಯಿಗಳು ಕೊಡಿಸಿದ ಪೆಟ್ಟಿಗೆ ಕ್ಯಾಮೆರಾ ಹಿಡಿದು ಯೊಸೆಮಿಟಿ ಕಣಿವೆಗೆ ಹೋದರು. 1984ರಲ್ಲಿ ತೀರಿಕೊಳ್ಳುವವರೆಗೂ ಆ ಕಣಿವೆಯ ಸೆಳೆತ ಅವರನ್ನು ಬಿಡಲಿಲ್ಲ. ಪಿಯಾನೋ ವಾದಕರಾಗಲು ಹೊರಟಿದ್ದ ಅವರು, ನೆಗೆಟಿವ್ ಎಂದರೆ ಬರೆದಿಟ್ಟ ಸ್ವರಲಿಪಿ, ಅಚ್ಚು ಎಂದರೆ ಅದನ್ನು ನುಡಿಸುವ ಕಚೇರಿ ಎಂಬರ್ಥದಲ್ಲಿ ಹೇಳುತ್ತಿದ್ದರು. ಸಿಯೆರಾ ನೆವಾಡಾ ಬೆಟ್ಟಗಳ ಅವರ ಚಿತ್ರಗಳು 1940ರಲ್ಲಿ ಕಿಂಗ್ಸ್ ಕ್ಯಾನ್ಯನ್ ಪ್ರದೇಶವು ರಾಷ್ಟ್ರೀಯ ಉದ್ಯಾನವಾಗುವುದಕ್ಕೆ ನೆರವಾದವು. ಬೆಟ್ಟದ ಪರವಾಗಿ ಚಿತ್ರವೂ ಸಾಕ್ಷಿ ಹೇಳಬಲ್ಲದೆಂಬುದಕ್ಕೆ ಇದೊಂದು ನಿದರ್ಶನ. ನಮ್ಮ ನಾಡಿನಲ್ಲಿ ಮೂಡಿಗೆರೆಯ ಕಾಫಿ ತೋಟದಲ್ಲಿದ್ದುಕೊಂಡು ಹಕ್ಕಿಗಳಿಗಾಗಿ ಕ್ಯಾಮೆರಾ ಹಿಡಿದು ಗಂಟೆಗಟ್ಟಲೆ ಕಾದ ಪೂರ್ಣಚಂದ್ರ ತೇಜಸ್ವಿಯವರನ್ನು (1938–2007) ಯಾವ ಕನ್ನಡಿಗ ತಾನೆ ಅರಿಯ? ಅಂಥವರ ಸಾಲಿನಲ್ಲಿ ನಿಲ್ಲುವ ಯೋಗ್ಯತೆ ನಮಗಿಲ್ಲ. ಆದರೆ ಆಡಮ್ಸರ ಬದುಕಿನ ಒಂದು ಸಂಗತಿ ಮಾತ್ರ ನಮಗೆ ತೀರ ಹತ್ತಿರದ್ದಾಯಿತು. 1937ರಲ್ಲಿ ಯೊಸೆಮಿಟಿಯಲ್ಲಿದ್ದ ಅವರ ಕತ್ತಲೆಕೋಣೆಗೆ ಬೆಂಕಿ ಬಿದ್ದು ಬಹಳಷ್ಟು ನೆಗೆಟಿವುಗಳು ನಾಶವಾದವು. ಅವರದನ್ನು ಬೆಂಕಿ ಒಯ್ದಿತು, ನಮ್ಮದನ್ನು ನೀರು.

ಟ್ರಂಕು ತೇಲಿದ ದಿನ

2005ರ ಜುಲೈ 26, ಮಂಗಳವಾರ. ಮುಂಬಯಿಯಲ್ಲಿದ್ದವರು ಯಾರೂ ಆ ದಿನವನ್ನು ಮರೆತಿರಲಾರರು. ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಬಿತ್ತು. ಅಷ್ಟರಲ್ಲಿ ನಾವು ಹೋಟೆಲು ಬಿಟ್ಟು ಗುಮಾಸ್ತರಾಗಿ ಬಹಳ ಕಾಲವಾಗಿತ್ತು. ಮನೆ ಕುರ್ಲಾದಲ್ಲಿ, ಮೀಠಿ ನದಿಗೆ ದೂರವಲ್ಲದ ಒಂದು ನೆಲಮಾಳಿಗೆಯ ಕೋಣೆ. ರೈಲುಗಳು ನಿಂತವು. ಕೋಟೆಯ ಕಚೇರಿಯಿಂದ ನಡೆದು, ರಾತ್ರಿ ದಾರಿಯಲ್ಲಿ ಅಂಗಡಿಯೊಂದರ ಕಟ್ಟೆಯ ಮೇಲೆ ಕುಳಿತು, ಮರುದಿನ ಮನೆ ಸೇರಿದೆವು. ಮನೆಯವರೂ ಮಕ್ಕಳೂ ಮೇಲಿನ ಮಹಡಿಯ ನೆರೆಯವರಲ್ಲಿ ಸುರಕ್ಷಿತವಾಗಿದ್ದರು. ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡ ಆ ಪ್ರಳಯದಲ್ಲಿ ನಮ್ಮವರು ಉಳಿದುದೇ ದೊಡ್ಡದು. ಇದನ್ನು ಮೊದಲು ಹೇಳಿಯೇ ಮುಂದಿನದನ್ನು ಹೇಳಬೇಕು.

ಕೋಣೆಯಲ್ಲಿ ಎದೆಮಟ್ಟ ನೀರು ನಿಂತು ಇಳಿದಿತ್ತು. ಮಂಚದಡಿಯ ತಗಡಿನ ಟ್ರಂಕು ಬಾಗಿಲಿಗೆ ಬಂದು ಬೋರಲು ಬಿದ್ದಿತ್ತು. ಅದರಲ್ಲಿ ಮೂವತ್ತನಾಲ್ಕು ವರ್ಷಗಳ ನೆಗೆಟಿವುಗಳು, ಅಚ್ಚುಗಳು. ಕೆಸರುನೀರಿನಲ್ಲಿ ನೆನೆದು ಒಂದಕ್ಕೊಂದು ಅಂಟಿಕೊಂಡಿದ್ದವು. ನಾವು ಅವಸರದಿಂದ ಅವನ್ನೆಲ್ಲ ತಾರಸಿಗೆ ಒಯ್ದು ಒಣಹಾಕಿದೆವು. ಅದೇ ನಾವು ಮಾಡಿದ ದೊಡ್ಡ ತಪ್ಪು. ನೆನೆದ ನೆಗೆಟಿವುಗಳನ್ನು ಒಣಗಲು ಬಿಡಬಾರದು. ಶುದ್ಧವಾದ ತಣ್ಣೀರಿನಲ್ಲಿ ಮುಳುಗಿಸಿಯೇ ಇಟ್ಟು, ತಡಮಾಡದೆ ಮೆಲ್ಲಗೆ ಒಂದೊಂದನ್ನೇ ಬಿಡಿಸಿ, ತೊಳೆದು, ಆಮೇಲೆ ನೆರಳಿನಲ್ಲಿ ಬೇರೆಬೇರೆಯಾಗಿ ತೂಗುಹಾಕಬೇಕು. ಹಾಗೆ ಮಾಡಿದ್ದರೆ ಕೆಲವಾದರೂ ಉಳಿಯುತ್ತಿದ್ದವೇನೊ. ಒಟ್ಟಿಗೆ ಒಣಗಿದರೆ ಜಿಲೆಟಿನ್ ಗೋಂದಿನಂತೆ ಗಟ್ಟಿಯಾಗಿ ಎಲ್ಲವೂ ಒಂದೇ ಹಲಗೆಯಾಗುತ್ತದೆ. ನಮ್ಮವೂ ಹಾಗೆಯೇ ಆದವು. ಬಿಡಿಸಲು ಹೋದರೆ ಬೆಟ್ಟವೂ ಆಕಾಶವೂ ಸಿಪ್ಪೆಯಾಗಿ ಎದ್ದುಬಂದವು. ಅಮ್ಮನ ನೆಗೆಟಿವೂ ಅದರಲ್ಲಿಯೇ ಹೋಯಿತು. ಅಮ್ಮ ತೀರಿಕೊಂಡು ಆಗಲೇ ಹದಿನಾಲ್ಕು ವರ್ಷಗಳಾಗಿದ್ದವು. ಊರಿನ ಮನೆಯಲ್ಲಿದ್ದ ಅಚ್ಚನ್ನು ಅದಕ್ಕೂ ಮೊದಲೇ ಗೆದ್ದಲು ತಿಂದಿತ್ತು.

ಆರು ತಿಂಗಳು ನಾವು ಕ್ಯಾಮೆರಾ ಮುಟ್ಟಲಿಲ್ಲ. ಇಷ್ಟು ವರ್ಷ ಹೊಟ್ಟೆ ಕಟ್ಟಿ ಮಾಡಿದ್ದೆಲ್ಲ ಒಂದು ಮಧ್ಯಾಹ್ನದ ನೀರಿನ ಪಾಲಾಗುವುದಾದರೆ ಮಾಡಿ ಫಲವೇನು ಎಂಬ ಜಿಗುಪ್ಸೆ ಬಂದಿತು.

ತಿರುಗಿ ಬಂದವು

2006ರ ಬೇಸಗೆಯಲ್ಲಿ ಅಣ್ಣನ ಮಗನ ಮದುವೆಗೆ ಊರಿಗೆ ಹೋದೆವು. ಚಿಕ್ಕಮ್ಮನನ್ನು ಮಾತಾಡಿಸಲು ಹೋದಾಗ ಮಾತಿನ ನಡುವೆ ಟ್ರಂಕಿನ ಕಥೆ ಹೇಳಿದೆವು. ಮುದುಕಿ ಸುಮ್ಮನೆ ಎದ್ದು ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಪಂಚಾಂಗಗಳ ಕಟ್ಟಿನಿಂದ ಒಂದು ಲಕೋಟೆ ತೆಗೆದು ತಂದು, "ಅಕ್ಕ ಕೊಟ್ಟದ್. ನೀ ತೆಗ್ದ್ ಪಟ," ಎಂದು ಕೈಯಲ್ಲಿಟ್ಟಳು. ಅಂಗಳದಲ್ಲಿ ನಗದೆ ನಿಂತ ಅಮ್ಮ. ಹಿಂದೆ ಕೊಡಚಾದ್ರಿ. ಅಂಚು ಹಳದಿಗಟ್ಟಿತ್ತು, ಒಂದು ಮೂಲೆ ಇರಲಿಲ್ಲ. ಬೆನ್ನಿನಲ್ಲಿ ನಮ್ಮದೇ ಅಕ್ಷರದಲ್ಲಿ ಊರು, ತಿಂಗಳು, ವರ್ಷ. ನಾವು ಎರಡು ಪ್ರತಿ ಕಳಿಸಿದ್ದೆವೆಂಬುದೂ, ಒಂದನ್ನು ಅಮ್ಮ ತಂಗಿಗೆ ಕೊಟ್ಟಿದ್ದಳೆಂಬುದೂ ನಮಗೆ ಮರೆತೇಹೋಗಿತ್ತು.

ಆ ಮೇಲೆ ಹುಡುಕತೊಡಗಿದೆವು. ಯಾರು ಯಾರಿಗೆ ಯಾವ ಚಿತ್ರ ಕೊಟ್ಟಿದ್ದೆವೆಂದು ನೆನಪು ಮಾಡಿಕೊಂಡು ಪತ್ರ ಬರೆದೆವು. ಭಟ್ಟರ ಮಗನ ಮನೆಯಲ್ಲಿ ಖಂಡಾಲದ ಬೆಟ್ಟ ಗಾಜಿನ ಕಟ್ಟಿನಲ್ಲಿತ್ತು. ಧನಿಗಳ ಮೊಮ್ಮಗನ ಹೋಟೆಲಿನಲ್ಲಿ, ಗಲ್ಲಾದ ಹಿಂದೆ ದೇವರ ಪಟದ ಪಕ್ಕದಲ್ಲಿ, ರಾಜಮಾಚಿಯ ಮೋಡ ಊದುಬತ್ತಿಯ ಹೊಗೆಗೆ ಕಂದಿ ತೂಗುತ್ತಿತ್ತು. ನಕ್ಕಿದ್ದ ಧನಿಗಳೇ ಅದನ್ನು ಕಟ್ಟು ಹಾಕಿಸಿದ್ದರಂತೆ. ಹಳೆಯ ಕೋಣೆಯ ಜೊತೆಗಾರರು ಹುಬ್ಬಳ್ಳಿಯಿಂದಲೂ ಪುಣೆಯಿಂದಲೂ ಕಳಿಸಿಕೊಟ್ಟರು. ಒಟ್ಟು ನಲವತ್ತೊಂದು ಚಿತ್ರಗಳು ಮರಳಿ ಬಂದವು. ನಾವು ಜೋಪಾನವಾಗಿ ಬಚ್ಚಿಟ್ಟುಕೊಂಡದ್ದು ಒಂದೂ ಉಳಿಯಲಿಲ್ಲ. ಕೈಬಿಟ್ಟು ಕೊಟ್ಟದ್ದು ಇಷ್ಟಾದರೂ ಉಳಿಯಿತು.

ಮರಳಿ ಬಾರದ ಚಿತ್ರಗಳಲ್ಲಿ ಕಾರ್ವಿ ಹೂವಿನದೊಂದಿತ್ತು. ಕಾರ್ವಿ ಎಂಬುದು ಸಹ್ಯಾದ್ರಿಯ ಇಳಿಜಾರುಗಳಲ್ಲಿ ಒತ್ತಾಗಿ ಬೆಳೆಯುವ ಪೊದೆ, ನೀಲಗಿರಿಯ ಕುರಿಂಜಿಯ ನೆಂಟ. ಗುಡ್ಡಗಾಡಿನ ಜನ ಅದರ ಕಡ್ಡಿಗಳನ್ನು ನಿಲ್ಲಿಸಿ ಮಣ್ಣು ಮೆತ್ತಿ ಮನೆಯ ಗೋಡೆ ಮಾಡುತ್ತಾರೆ. ಏಳು ವರ್ಷ ಸುಮ್ಮನೆ ಹಸಿರಾಗಿದ್ದು, ಎಂಟನೆಯ ವರ್ಷದ ಮಳೆಗಾಲದಲ್ಲಿ ಒಂದು ಗುಡ್ಡಕ್ಕೆ ಗುಡ್ಡವೇ ನೇರಳೆಬಣ್ಣದ ಹೂ ಬಿಡುತ್ತದೆ. ಆಮೇಲೆ ಬೀಜ ಕಟ್ಟಿ ಸಾಯುತ್ತದೆ. ಕಳೆದುಹೋದ ಬೆಟ್ಟದ ಚಿತ್ರವನ್ನು ಮುಂದಿನ ವಾರ ಹೋಗಿ ತೆಗೆಯಬಹುದು. ಕಾರ್ವಿಯ ಚಿತ್ರ ಹಾಗಲ್ಲ; ನಮ್ಮ ಅವಸರ ಅದಕ್ಕೆ ತಿಳಿಯದು. ನಾವು ಕಾದೆವು. 2008ರ ಮಳೆಗಾಲದ ಕೊನೆಯಲ್ಲಿ ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಕಾರ್ವಿ ಅರಳಿತು. ನೂರು ಚದರ ಕಿಲೋಮೀಟರಿಗೂ ಮಿಕ್ಕಿದ ಆ ಕಾಡು ಊರಿನ ಹೊಟ್ಟೆಯಲ್ಲಿಯೇ ಇದೆ. ಅದರಲ್ಲಿ ಚಿರತೆಗಳಿವೆ, ಕಾನ್ಹೇರಿಯ ಗುಹೆಗಳಿವೆ. ಸ್ಥಳೀಯ ರೈಲಿನ ಟಿಕೀಟಿನ ದೂರದಲ್ಲಿ ಇಡೀ ಇಳಿಜಾರು ನೇರಳೆಯಾಗಿತ್ತು, ಜೇನ್ನೊಣಗಳ ಮೊರೆತ ತುಂಬಿತ್ತು. ಐವತ್ತೆಂಟರ ವಯಸ್ಸಿನಲ್ಲಿ ಆ ಚಿತ್ರ ತೆಗೆದಾಗ ಕಳೆದುದಕ್ಕಾಗಿ ಇಟ್ಟುಕೊಂಡಿದ್ದ ಕೊರಗು ತೀರಿತು. 2016ರಲ್ಲಿ ಮತ್ತೆ ಅರಳಿತು. ಆಗ ಮಗಳನ್ನೂ ಕರೆದೊಯ್ದೆವು. ಬೆಟ್ಟ ತನ್ನ ಹೊತ್ತಿಗೆ ತಾನು ಮತ್ತೆ ಕೊಡುತ್ತದೆ, ನಾವು ಅದನ್ನು ಕಡಿದುಹಾಕದಿದ್ದರೆ. ಮನುಷ್ಯರು ಮಾತ್ರ ಎರಡನೆಯ ಸಲ ಅಂಗಳದಲ್ಲಿ ಬಂದು ನಿಲ್ಲರು.

ತರುಣರಿಗೆ ಎರಡು ಮಾತು

ಈಗ ಕ್ಯಾಮೆರಾಕ್ಕಾಗಿ ಯಾರೂ ಬಕ್ಷೀಸು ಕೂಡಿಹಾಕಬೇಕಿಲ್ಲ. ಮೇಜು ಒರೆಸುವ ಹುಡುಗನ ಕಿಸೆಯಲ್ಲಿಯೂ ಫೋನು ಇದೆ. ಅದರಲ್ಲಿ ನಮ್ಮ ಪೆಟ್ಟಿಗೆಗಿಂತ ನೂರುಪಾಲು ಮೇಲಾದ ಮಸೂರವಿದೆ. ನಾವೂ ಈಗ ಅದನ್ನೇ ಬಳಸುತ್ತೇವೆ. ಹಳೆಯದೇ ಶ್ರೇಷ್ಠವೆಂಬ ಹಟ ನಮಗಿಲ್ಲ. ಆದರೆ ಹನ್ನೆರಡರ ಲೆಕ್ಕವನ್ನು ಮಾತ್ರ ಬಿಟ್ಟಿಲ್ಲ. ಬೆಟ್ಟಕ್ಕೆ ಹೋದ ದಿನ ಹನ್ನೆರಡಕ್ಕಿಂತ ಹೆಚ್ಚು ಚಿತ್ರ ತೆಗೆಯುವುದಿಲ್ಲ. ಉಳಿದ ಹೊತ್ತು ಕುಳಿತು ನೋಡುತ್ತೇವೆ.

ವಾರಕ್ಕೊಂದು ರಜೆಯುಳ್ಳ ನಮ್ಮ ತರುಣ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಆ ದಿನವನ್ನೆಲ್ಲ ಕೋಣೆಯಲ್ಲಿ ಮಲಗಿ ಕಳೆಯಬೇಡಿರಿ. ಮಳೆ ಹಿಡಿದ ಮೇಲೆ ಒಮ್ಮೆ ಕರ್ಜತಿನ ಗಾಡಿ ಹತ್ತಿರಿ, ಕಸಾರಾದ ಗಾಡಿ ಹತ್ತಿರಿ. ಜಾರುವ ಬಂಡೆಗೂ ಉಕ್ಕುವ ಝರಿಗೂ ದೂರವಿದ್ದು ನೋಡಿರಿ. ಬೆಳಗ್ಗೆ ಬೇಗ ಹೋಗಿರಿ, ನೆರಳು ಉದ್ದವಾಗಿರುವಾಗ ತೆಗೆಯಿರಿ. ಊರಿಗೆ ಹೋದಾಗ ಬೆಟ್ಟವನ್ನು ಹಿಂದಿಟ್ಟು ಮನೆಯ ಹಿರಿಯರನ್ನು ನಿಲ್ಲಿಸಿ ಒಂದು ಚಿತ್ರ ತೆಗೆಯಿರಿ. ಫೋನಿನಲ್ಲಿಯೇ ಅದನ್ನು ಹೂಳಬೇಡಿರಿ. ಫೋನೂ ಒಂದು ಟ್ರಂಕೇ, ಅದಕ್ಕೂ ಒಂದು ದಿನ ನೀರು ನುಗ್ಗುತ್ತದೆ. ಕಾಗದದ ಮೇಲೆ ಅಚ್ಚು ಹಾಕಿಸಿ, ಬೆನ್ನಿನಲ್ಲಿ ಊರೂ ವರ್ಷವೂ ಬರೆದು, ಒಂದನ್ನು ಅಮ್ಮನಿಗೆ, ಒಂದನ್ನು ಚಿಕ್ಕಮ್ಮನಿಗೆ ಕೊಟ್ಟುಬಿಡಿರಿ.

ನಮ್ಮ ಅಮ್ಮನ ಚಿತ್ರದ ಪ್ರತಿಗಳು ಈಗ ಹದಿನೇಳು ಮನೆಗಳಲ್ಲಿವೆ. ಮೂಲದ ಹರಿದ ಮೂಲೆಯನ್ನು ಸರಿಪಡಿಸಿಕೊಡುತ್ತೇವೆಂದು ಅಂಗಡಿಯವರು ಹೇಳಿದರು. ಬೇಡವೆಂದೆವು.